ಒಂದೇ ಹೆಸರಿನ ಎರಡು ಮನೆ

ಮದುವೆಯಾಗಿ ಬೆಳ್ತಂಗಡಿ ಕಡೆಯಿಂದ ಬಂಟ್ವಾಳಕ್ಕೆ ಬಂದ ಹೊಸದರಲ್ಲಿ ನನ್ನ ಅಕ್ಷರ ಚಂದ ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಗೆ ಹಿಗ್ಗಿದ ಫಲವನ್ನು ಮುಂದೆ ಎಷ್ಟೋ ವರ್ಷ ಉಂಡೆ. ನನ್ನ ಗಂಡನದ್ದು ಬಿ.ಸಿ. ರೋಡಿನಲ್ಲಿ ಒಂದು ಸಣ್ಣ ಪ್ರೆಸ್. ಭಜನಾ ಮಂದಿರ, ಯುವಕ ಸಂಘ, ದೇವಸ್ಥಾನದ ಸಮಿತಿ ಎಂದು ಊರಿನವರ ಆಮಂತ್ರಣ ಪತ್ರಿಕೆಗಳನ್ನು ಇವರು ಮುದ್ರಿಸುತ್ತಿದ್ದರು. ಕವರಿನ ಮೇಲೆ ವಿಳಾಸ ಬರೆಯುವ ಕೆಲಸ ಮನೆಗೆ ಬರುತ್ತಿತ್ತು. ಮಧ್ಯಾಹ್ನದ ಪಾತ್ರೆ ತೊಳೆದು, ಕೈ ಒರೆಸಿ, ಚಾವಡಿಯಲ್ಲಿ ಕೂತರೆ ಸಂಜೆಯ ದೀಪ ಇಡುವವರೆಗೆ ಬರೆಯುವುದು. ತೊಂಬತ್ತರ ದಶಕವೆಲ್ಲ ನನಗೆ ಹಾಗೆಯೇ ಕಳೆಯಿತು. ಕೊನೆಗೆ ಬಲಗೈಯ ಮಣಿಗಂಟು ಹೇಗೆ ನೋಯುತ್ತಿತ್ತೆಂದರೆ, ತೆಂಗಿನಕಾಯಿ ತುರಿಯಲಿಕ್ಕೂ ಎಡಗೈಯನ್ನು ಅಭ್ಯಾಸ ಮಾಡಿಕೊಂಡೆ.

ಎರಡು ಸಾವಿರದ ಇಸವಿಯ ನಂತರ ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂದು ಹಳೆಯದ್ದು ಮನೆಗೆ ಬಂತು. ವೈರಸ್ ತುಂಬಿ ನಿತ್ಯ ಕೈಕೊಡುತ್ತಿದ್ದ ಯಂತ್ರ ಅದು. ಮೂಡಬಿದಿರೆಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದ ಟೀಚರ್ ಒಬ್ಬರು ಪ್ರೆಸ್ಸಿಗೆ ಬಂದವರು ನನ್ನ ಕೈಗೆ ಸುತ್ತಿದ್ದ ಬಟ್ಟೆ ನೋಡಿ, "ಇದನ್ನು ಕೈಯಲ್ಲಿ ಯಾಕೆ ಬರೀತೀರಿ? ಶನಿವಾರ ಬನ್ನಿ, ಹೇಳಿಕೊಡ್ತೇನೆ" ಎಂದರು. ಹಳೆಯ ಕಂಪ್ಯೂಟರಿಗೆ ವೈರಸ್ ಕಾಟವಿಲ್ಲದ ಲಿನಕ್ಸ್ ಎಂಬ ವ್ಯವಸ್ಥೆ ಹಾಕಿಕೊಟ್ಟವರೂ ಅವರೇ. ನನಗೆ ಪೊಳಲಿ ದೇವಸ್ಥಾನದ ಅಮ್ಮನೇ ಅವರ ಬಾಯಿಂದ ಹೇಳಿಸಿದಂತಾಯಿತು. ಈಗಲೂ ಹಾಗೆಯೇ ನಂಬಿದ್ದೇನೆ.

ಆ ಯಂತ್ರದಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ; ಕಪ್ಪು ಪರದೆಯ ಮೇಲೆ ನಾವು ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಶೆಲ್ ಎಂಬ ಒಂದು ಆಳು. ಕನ್ನಡ ಅಕ್ಷರ ಅದರಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ, ಹಾಗಾಗಿ ವಿಳಾಸಗಳೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಒಂದು ಫೈಲಿನಲ್ಲಿ ಗೆರೆಗೊಂದು ವಿಳಾಸ ಇಟ್ಟರೆ ಶೆಲ್ ಅವುಗಳನ್ನು ಓದಿ ಸಾಲಾಗಿ ಜೋಡಿಸಿಕೊಳ್ಳುತ್ತದೆ. ಆ ಸಾಲಿಗೆ ಅರೇ ಎನ್ನುತ್ತಾರೆ. ಆಮೇಲೆ ಸಾಲಿನಲ್ಲಿರುವ ಒಂದೊಂದಕ್ಕೂ ಮುಂದೆ "ಶ್ರೀ" ಸೇರಿಸು, ಹಿಂದೆ "ಮತ್ತು ಮನೆಯವರು" ಸೇರಿಸು, ಅಕ್ಷರ ದೊಡ್ಡದು ಮಾಡು ಎಂದರೆ ಎಲ್ಲದಕ್ಕೂ ಒಂದೇ ಉಸಿರಿನಲ್ಲಿ ಮಾಡಿಬಿಡುತ್ತದೆ. ಸಾಲಿನ ಮೊದಲನೆಯದ್ದಕ್ಕೆ ನಂಬರ್ ಸೊನ್ನೆ. ಜೊತೆಗೆ ಕಲಿಯುತ್ತಿದ್ದ ಕಾಲೇಜು ಹುಡುಗಿಯರಿಗೆ ಅದು ತಲೆಗೆ ಹೋಗಲಿಲ್ಲ, ನನಗೆ ಹೋಯಿತು. ಕಾವಲಿಯ ಮೊದಲ ದೋಸೆಯನ್ನು ನಾವು ಯಾವತ್ತು ಲೆಕ್ಕಕ್ಕೆ ಹಿಡಿದಿದ್ದೇವೆ? ಅದು ದನಕ್ಕೆ.

ಆದರೆ ನನ್ನ ಮೊದಲ ಕೆಲಸವೇ ಎಡವಟ್ಟಾಯಿತು. ಶೆಲ್ಲಿಗೆ ಖಾಲಿ ಜಾಗ ಕಂಡಲ್ಲೆಲ್ಲ ಕಡಿಯುವ ಚಟ. ನಮ್ಮ ಕಡೆ ಮನುಷ್ಯನಿಗಿಂತ ಮೊದಲು ಮನೆಗೆ ಹೆಸರು, ಅದೂ ಎರಡೆರಡು ಪದದ್ದು. "ಕೆಳಗಿನ ಮನೆ" ಎಂಬುದನ್ನು ಅದು ಕಡಿದು, ಕವರಿಗೆ ಅಂಟಿಸುವ ವಿಳಾಸದ ಚೀಟಿ ಒಂದರ ಬದಲು ಎರಡು ಮಾಡಿಟ್ಟಿತು.

"ಇದೆಂತ ಮಾರಾಯ್ತಿ?" ಎಂದು ಗಂಡ ಹಾಳೆ ಹಿಡಿದುಕೊಂಡು ಬಂದರು. "ಒಂದು ಕಾಗದ ಕೆಳಗಿನವರಿಗೆ, ಇನ್ನೊಂದು ಬರೀ ಮನೆಗಾ? ಪೋಸ್ಟ್‌ಮ್ಯಾನ್ ಗೋಡೆಗೆ ಓದಿ ಹೇಳ್ಬೇಕಾ?"

ಮುಂದಿನ ಶನಿವಾರ ಟೀಚರ್ ತಿದ್ದಿದರು. ಪದಪದವಾಗಿ ಅಲ್ಲ, ಗೆರೆಗೆ ಗೆರೆಯಾಗಿ ಓದಲು ಹೇಳಬೇಕು. ಸಾಲಿನಿಂದ ತೆಗೆಯುವಾಗ ಎರಡೂ ಬದಿಗೆ ಕೋಟ್ ಚಿಹ್ನೆ ಹಾಕಬೇಕು. ಹಿಟ್ಟು ಹೊರಗೆ ಹರಿಯದ ಹಾಗೆ ಕಡುಬು ಬೇಯಿಸುವ ಮೂಡೆಯ ಎಲೆಗೆ ಮುಳ್ಳು ಚುಚ್ಚುತ್ತೇವಲ್ಲ, ಹಾಗೆ ಎಂದುಕೊಂಡೆ. ಮತ್ತೆ ಮರೆಯಲಿಲ್ಲ. ಮಣಿಗಂಟಿನ ನೋವು ನಿಧಾನಕ್ಕೆ ಇಳಿಯಿತು. ದೊಡ್ಡ ಭಾಗ್ಯವೇನಲ್ಲ, ಆದರೆ ಬಲಗೈಯಲ್ಲಿ ಕಾಯಿ ತುರಿದ ದಿನ ದೇವರಿಗೆ ಒಂದು ತುಪ್ಪದ ದೀಪ ಹೆಚ್ಚು ಇಟ್ಟೆ.

ಕೈಯ ನೋವು ಇಳಿಯಿತು ಎನ್ನುವಾಗ ಅತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರು. ಅಲ್ಲಿಂದ ಅವರದ್ದು ಮಂಚದ ಮೇಲಿನ ಬದುಕು. ಎಬ್ಬಿಸುವುದು, ಕೂರಿಸುವುದು, ಮೈ ಒರೆಸುವುದು, ಬೆನ್ನಿಗೆ ಹುಣ್ಣಾಗದ ಹಾಗೆ ಹೊರಳಿಸುವುದು, ಎಲ್ಲ ನನ್ನ ಪಾಲಿಗೆ. ದೂರುತ್ತಿಲ್ಲ. ಒಳ್ಳೆಯ ಮಾತಿನ ಹೆಂಗಸು ಅವರು. ನೋವಿನಲ್ಲಿಯೂ ನನಗೆ ಒಂದು ಕೆಟ್ಟ ಮಾತು ಹೇಳಿದವರಲ್ಲ. ಆದರೆ ಆಯಾಸಕ್ಕೆ ಒಳ್ಳೆಯವರು, ಕೆಟ್ಟವರು ಎಂದು ಗೊತ್ತಾಗುವುದಿಲ್ಲ.

ನಮ್ಮ ಮನೆ ನರಿಕೊಂಬಿನ ಕಡೆ, ಹೊಳೆಯಿಂದ ಸ್ವಲ್ಪ ಮೇಲೆ. ಆ ಮನೆಯಲ್ಲಿ ನಾವು ನಾಲ್ಕೇ ಜನ: ಅತ್ತೆ, ನಾನು, ನನ್ನ ಗಂಡ, ಗಂಡನ ಅಣ್ಣ. ಭಾವ ಮದುವೆಯಾದವರಲ್ಲ. ಕುಟುಂಬದ ಹಿರಿಯರು, ಮಾತು ಕಡಿಮೆ, ಸಿಟ್ಟು ನಿಧಾನದ್ದು, ಬಂದರೆ ಹೋಗುವುದಿಲ್ಲ. ಅತ್ತೆಯ ಒಬ್ಬಳೇ ಮಗಳು, ಭಾವನಿಗೆ ತಂಗಿ, ನನ್ನ ಗಂಡನಿಗೆ ಅಕ್ಕ, ನನಗೆ ಅತ್ತಿಗೆ, ಸಿದ್ಧಕಟ್ಟೆಯನ್ನು ದಾಟಿ ಮೂಡಬಿದಿರೆಯ ಹತ್ತಿರ ಇದ್ದರು. ಅವರು ಅಲ್ಲಿ ಹೊಸ ಮನೆ ಕಟ್ಟಿದಾಗ ಗೇಟಿನ ಕಂಬಕ್ಕೆ ತಾಯಿಮನೆಯ ಹೆಸರನ್ನೇ ಕೆತ್ತಿಸಿದರು. ನಮ್ಮ ಕಡೆ ಅದು ಹೊಸದಲ್ಲ. ಊರು ಬಿಟ್ಟು ಹೋದವರು ಮನೆಯ ಹೆಸರನ್ನೂ ಹೊತ್ತುಕೊಂಡೇ ಹೋಗುತ್ತಾರೆ. ಆದರೆ ಗೃಹಪ್ರವೇಶಕ್ಕೆ ಹೋದ ಭಾವ ಆ ಕಂಬ ನೋಡಿ, "ಅಲ್ಲಿ ನಾನು ಇರುವಾಗಲೇ ಹೆಸರು ಇಲ್ಲಿಗೆ ಬಂತಾ?" ಎಂದವರು ಎಲೆಯ ಮುಂದೆ ಕೂರದೆ ಬಸ್ಸು ಹತ್ತಿದರು. ಊಟ ಬಿಟ್ಟು ಹೋದ ಅಣ್ಣನನ್ನು ತಂಗಿ ಕರೆಯಲಿಲ್ಲ, ಅಣ್ಣ ತಂಗಿಯನ್ನು ಕರೆಯಲಿಲ್ಲ. ಅತ್ತೆ ಮಗಳನ್ನು ನೋಡುತ್ತಿದ್ದದ್ದು ಬೇರೆಯವರ ಮದುವೆಗಳಲ್ಲಿ. ಮಂಚ ಹಿಡಿದ ಮೇಲೆ ಅದೂ ಇಲ್ಲ. ತಾಯಿ ಬಿದ್ದ ಸುದ್ದಿ ತಿಳಿದ ಅತ್ತಿಗೆ ಆಸ್ಪತ್ರೆಗೆ ಬಂದು ನೋಡಿಹೋದರು, ಮನೆಗೆ ಕಾಲಿಡಲಿಲ್ಲ.

ಅಷ್ಟರಲ್ಲಿ ಕುಟುಂಬದ ನಾಗಬನ ಜೀರ್ಣವಾಗಿದೆ, ಪ್ರತಿಷ್ಠೆ ಹೊಸತಾಗಿ ಆಗಬೇಕು ಎಂದು ಜೋಯಿಸರಲ್ಲಿ ಇಟ್ಟ ಪ್ರಶ್ನೆಯಲ್ಲಿ ಕಂಡುಬಂತು. ಬೇಸಗೆಯಲ್ಲಿ ದಿನ ನಿಗದಿಯಾಯಿತು. ನಮ್ಮದು ಅಳಿಯಕಟ್ಟಿನ ಕುಟುಂಬ, ನಾಗ ಬರುವುದು ತಾಯಿಯ ಕಡೆಯಿಂದ. ಅತ್ತೆಯ ನಾಗ ಮಗಳದ್ದು, ಮಗಳ ಮಕ್ಕಳದ್ದು. ಈ ಮನೆಯಲ್ಲಿ ದೀಪ ಇಡುವವಳು ನಾನಾದರೂ ನನ್ನ ನಾಗ ಇರುವುದು ಬೆಳ್ತಂಗಡಿಯಲ್ಲಿ, ನನ್ನ ತಾಯಿಯ ಕಡೆಯಲ್ಲಿ. ಹಾಗಾಗಿ ಎಲ್ಲರಿಗಿಂತ ಮೊದಲು ಕರೆಯಬೇಕಾದವರು ಅತ್ತಿಗೆಯೇ. ಇದು ಭಾವನಿಗೂ ಗೊತ್ತು. ಗೊತ್ತಿದ್ದೇ ಅವರು ಸುಮ್ಮನಿದ್ದರು.

ಕರೆಯಬೇಕಾದ ಮನೆಗಳನ್ನು ಮೂರು ಜನ ಮೂರು ಕಡೆ ಬರೆದು ಕೊಟ್ಟರು: ಭಾವ, ಗಂಡ, ಸಿದ್ಧಕಟ್ಟೆಯ ಒಬ್ಬ ಹಿರಿಯ ಮಾವ. ಅತ್ತೆ ಮಲಗಿದಲ್ಲಿಂದಲೇ ಹೇಳಿದರು, ನಾನು ಟೈಪ್ ಮಾಡಿದೆ. ಅವರು ಮೊದಲು ಹೇಳಿದ್ದು ಮಗಳ ಮನೆ.

"ಹಾಕಿದೆಯಾ?"

"ಹಾಕಿದೆ ಅತ್ತೆ."

"ಓದು ನೋಡುವ."

ಓದಿದೆ. ಆಮೇಲೆ ಉಳಿದವರ ಹೆಸರು ಹೇಳಿದರು.

ನಾಲ್ಕನ್ನೂ ಕೂಡಿಸಿದಾಗ ಒಂದೇ ಮನೆ ಎರಡು ಸಲ, ಮೂರು ಸಲ ಬಂತು. ಒಬ್ಬರು ಅಣ್ಣನ ಹೆಸರಲ್ಲಿ ಬರೆದಿದ್ದರೆ ಇನ್ನೊಬ್ಬರು ತಮ್ಮನ ಹೆಸರಲ್ಲಿ. ಕಾಗುಣಿತವೂ ಒಬ್ಬೊಬ್ಬರದು ಒಂದೊಂದು, ಅದನ್ನು ಟೈಪ್ ಮಾಡುವಾಗ ನಾನೇ ಸರಿಮಾಡಿದೆ. ಟೀಚರ್ ಹೇಳಿಕೊಟ್ಟ ದಾರಿ ಇತ್ತು: ಎಲ್ಲ ಅಕ್ಷರ ಚಿಕ್ಕದು ಮಾಡು, ಹೆಚ್ಚಿನ ಖಾಲಿ ಜಾಗ ತೆಗೆ, ಒಂದರ ಕೆಳಗೊಂದು ಹೊಂದಿಸು, ಒಂದೇ ರೀತಿ ಇರುವುದರಲ್ಲಿ ಒಂದನ್ನು ಇಟ್ಟು ಉಳಿದದ್ದನ್ನು ಬಿಡು. ಮನುಷ್ಯರ ಹೆಸರು ಬೇರೆ ಬೇರೆ ಇದ್ದದ್ದರಿಂದ ನಾನು ಮನೆಯ ಹೆಸರನ್ನು ಮಾತ್ರ ಹೋಲಿಸಲು ಹೇಳಿದೆ. ಶೆಲ್ಲಿಗೆ ಬರೆದಿಟ್ಟ ಈ ಅಪ್ಪಣೆಗಳ ಪಟ್ಟಿ, ಅಂದರೆ ಸ್ಕ್ರಿಪ್ಟ್, ಓಡಿತು. ಕರೆಂಟೂ ಹೋಗಲಿಲ್ಲ, ಪ್ರಿಂಟರಿನಲ್ಲಿ ಕಾಗದವೂ ಸಿಕ್ಕಿಕೊಳ್ಳಲಿಲ್ಲ. ಚೀಟಿಯ ಹಾಳೆಗಳನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದೆ.

ಮಧ್ಯಾಹ್ನ ಅತ್ತೆಗೆ ಗಂಜಿ ಕುಡಿಸಿದ ಮೇಲೆ, "ಒಮ್ಮೆ ಎಲ್ಲ ಓದು" ಎಂದರು. ಅವರಿಗೆ ಕಣ್ಣು ಮಂಜು. ನಾನು ಮಂಚದ ಬದಿಯಲ್ಲಿ ಕೂತು ಓದುತ್ತಾ ಹೋದೆ. ಪ್ರತಿ ಮನೆಗೂ ಅವರು "ಹೂಂ" ಎನ್ನುತ್ತಿದ್ದರು. ಒಂದೊಂದಕ್ಕೆ ಒಂದು ಮಾತೂ ಇರುತ್ತಿತ್ತು: "ಆ ಮನೆಯವನಿಗೆ ಈಗ ಕಿವಿ ಕೇಳುವುದಿಲ್ಲಂತೆ", "ಅವಳ ಕೈಯ ಪತ್ರೊಡೆ ತಿನ್ಬೇಕು." ಹಾಳೆ ಮುಗಿಯಿತು.

"ಮತ್ತೆ?"

"ಮುಗೀತು ಅತ್ತೆ."

ಅವರು ಸೂರು ನೋಡಿದರು. ಆಮೇಲೆ, "ನನಗೆ ಎಡೆಯಲ್ಲಿ ನಿದ್ದೆ ಬಂತೋ ಏನೋ. ಇನ್ನೊಮ್ಮೆ ಓದು" ಎಂದರು.

ಅವರಿಗೆ ನಿದ್ದೆ ಬಂದಿರಲಿಲ್ಲ. ಎರಡನೆಯ ಸಲ ಗೆರೆಗೆ ಗೆರೆ ಬೆರಳಿಟ್ಟು ಓದಿದೆ. ಅತ್ತಿಗೆಯ ಮನೆ ಎಲ್ಲಿಯೂ ಇರಲಿಲ್ಲ. ನಮ್ಮ ಮನೆಯ ಹೆಸರು ಮಾತ್ರ ಒಂದು ಸಲ ಇತ್ತು, ಭಾವನ ಹೆಸರಿನಲ್ಲಿ. ಕುಟುಂಬದ ಲೆಕ್ಕಕ್ಕೆಂದು ಸಿದ್ಧಕಟ್ಟೆಯ ಮಾವ ಅದನ್ನೂ ಬರೆದಿದ್ದರು. ಎರಡು ಮನೆಗೂ ಹೆಸರು ಒಂದೇ. ಶೆಲ್ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿತ್ತು.

"ಅತ್ತೆ, ಮೆಷಿನ್ ಎರಡನ್ನೂ ಒಂದೇ ಅಂತ ತಿಳ್ಕೊಂಡಿದೆ. ಸರಿ ಮಾಡ್ತೇನೆ."

"ಅದಕ್ಕೆ ಅಷ್ಟು ಗೊತ್ತಾಯ್ತಲ್ಲ, ಎರಡೂ ಒಂದೇ ಅಂತ" ಎಂದು ಅತ್ತೆ ಗೋಡೆಯ ಕಡೆ ಮುಖ ಮಾಡಿದರು.

ಸಂಜೆ ಚಹಾ ಕೊಡುವಾಗ ಗಂಡನಿಗೂ ಭಾವನಿಗೂ ಇದನ್ನು ಹೇಳಿದೆ. ಹೇಳದೆಯೂ ಸರಿ ಮಾಡಬಹುದಿತ್ತು. ಆದರೆ ಮನೆಯ ಹಿರಿಯರಿಗೆ ತಿಳಿಯದೆ ಹಾಳೆಯಲ್ಲಿ ಒಂದು ಮನೆ ಹೆಚ್ಚಾದರೆ ಅದು ಮತ್ತೊಂದು ಜಗಳ. ಭಾವ ಚಹಾ ಪೂರ್ತಿ ಕುಡಿದು ಲೋಟ ಕೆಳಗಿಟ್ಟರು.

"ತೆಗೆದದ್ದು ಯಾರು? ನಾನಾ?"

"ಅಲ್ಲ ಭಾವ, ಕಂಪ್ಯೂಟರ್."

"ಹಾಗಾದ್ರೆ ಬಿಡು. ನಾಳೆ ಯಾರಾದ್ರೂ ಕೇಳಿದ್ರೆ ಕಂಪ್ಯೂಟರಲ್ಲಿ ಬರ್ಲಿಲ್ಲ ಅಂತ ಹೇಳುವ. ನಾಗನ ಇಚ್ಛೆ ಹಾಗೆ ಇದ್ದರೆ ನಾವೆಂತ ಮಾಡ್ಲಿಕ್ಕುಂಟು?"

ಗಂಡ ನನ್ನ ಮುಖ ನೋಡಲಿಲ್ಲ, ಅಣ್ಣನ ಮುಖವನ್ನೂ ನೋಡಲಿಲ್ಲ. ಬಿಸ್ಕತ್ತನ್ನು ಚಹಾಕ್ಕೆ ಅದ್ದುತ್ತಾ ಇದ್ದರು. ಅದು ಮುರಿದು ಒಳಗೆ ಬಿತ್ತು. ಇಡೀ ದಿನ ನಿಂತ ಕಾಲು ನನ್ನದು. ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಇದರಲ್ಲಿ ನಾಗನ ಹೆಸರು ಬಂದದ್ದು ನನಗೆ ಸಹಿಸಲಾಗಲಿಲ್ಲ.

"ನಾಗನನ್ನು ಯಾಕೆ ಎಳೀತೀರಿ ಭಾವ? ಅದಕ್ಕೆ ಒಂದೇ ಹೆಸರಿನದ್ದನ್ನು ಬಿಡು ಅಂತ ಹೇಳಿದ್ದು ನಾನು. ಊರನ್ನೂ ನೋಡು ಅಂತ ಹೇಳ್ಲಿಕ್ಕೆ ನನಗೆ ಹೊಳೀಲಿಲ್ಲ. ಈಗ ಹೇಳ್ತೇನೆ. ಅದು ಹಾಕ್ತದೆ."

"ನಿನ್ನ ಕುಟುಂಬದ ನಾಗನಾ ಇದು?"

"ಅಲ್ಲ. ಅತ್ತಿಗೆಯದ್ದು."

ಭಾವ ಎದ್ದು ಹೋಗಿ ಅಂಗಳದ ತುಳಸಿಗೆ ನೀರು ಹಾಕಿದರು. ಆ ದಿನ ಬೆಳಿಗ್ಗೆಯೇ ನಾನು ಹಾಕಿದ್ದೆ.

ತಿದ್ದಿದ್ದು ಒಂದೇ ಗೆರೆ. ಮನೆಯ ಹೆಸರನ್ನೂ ಊರಿನ ಹೆಸರನ್ನೂ ಒಟ್ಟಿಗೆ ಕಟ್ಟಿ, ಎರಡೂ ಒಂದೇ ಆದರೆ ಮಾತ್ರ ಬಿಡು ಎಂದೆ. ಈ ಸಲ ಅತ್ತಿಗೆಯ ಮನೆ ಬಂತು. ಅದರ ಜೊತೆ ಪೊಳಲಿಯ ಹತ್ತಿರದ ಇನ್ನೊಂದು ಮನೆಯೂ ಬಂತು. ಅದೂ ಬೇರೆ ಊರಿನ ಅದೇ ಹೆಸರಿನ ಮನೆಯ ಅಡಿಯಲ್ಲಿ ಸಿಕ್ಕಿ ಬಿಟ್ಟುಹೋಗಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ. ಅತ್ತೆ ಎರಡು ಸಲ ಓದಿಸದಿದ್ದರೆ ಅವರೂ ನಮ್ಮ ಮೇಲೆ ಜನ್ಮವಿಡೀ ಮುನಿಸಿಕೊಳ್ಳುತ್ತಿದ್ದರು.

ಚೀಟಿ ಅಂಟಿಸಿ ಕವರನ್ನು ಅತ್ತೆಗೆ ತೋರಿಸಿದೆ. ಅವರು ಬೆರಳಿನಿಂದ ಮುಟ್ಟಿ ನೋಡಿದರು.

"ಹೊಟ್ಟೆಯಲ್ಲಿ ಹುಟ್ಟಿದವಳಿಗೆ ಅಂಚೆಯಲ್ಲಿ ಕಳಿಸುವುದಾ? ಮೆಟ್ಟಿಲು ಹತ್ತಿ ಹೇಳದೆ ಯಾವ ಮಗಳು ಬರ್ತಾಳೆ?"

ಅದು ನಿಜವೇ. ನಮ್ಮಲ್ಲಿ ಕಾಗದ ಹೊರಗಿನವರಿಗೆ, ಮನೆಯವರಿಗೆ ಬಾಯಿಮಾತು. ಭಾವ ಹೋಗುವುದಿಲ್ಲ. ಗಂಡ, "ಸೀಸನ್ ಮಾರಾಯ್ತಿ, ಪ್ರೆಸ್ ಬಿಟ್ಟು ಹೇಗೆ ಬರುವುದು?" ಎಂದರು. ಪಕ್ಕದ ಮನೆಯ ಬ್ಯಾರಿ ಮುಸ್ಲಿಂ ಹೆಂಗಸು, ಗಲ್ಫಿನಲ್ಲಿರುವ ಗಂಡನ ಫೋನಿಗೆ ದಿನವೆಲ್ಲ ಕಾಯುವವರು, ಮಧ್ಯಾಹ್ನದವರೆಗೆ ಅತ್ತೆಯನ್ನು ನೋಡಿಕೊಳ್ಳುತ್ತೇನೆ ಎಂದರು. "ನಾನು ಗಂಜಿ ಕುಡಿಸಿದ್ರೆ ನಿಮ್ಮ ನಾಗನಿಗೆ ಅಡ್ಡಿ ಉಂಟಾ?" ಎಂದು ಅತ್ತೆಯನ್ನೇ ಕೇಳಿದರು. "ಉಪ್ಪು ಕಡಿಮೆಯಾದ್ರೆ ನನಗೆ ಅಡ್ಡಿ ಉಂಟು" ಎಂದು ಅತ್ತೆ ನಕ್ಕರು. ಬಿದ್ದ ಮೇಲೆ ಅವರು ನಕ್ಕದ್ದು ಕಡಿಮೆ.

ಬಂಟ್ವಾಳದಿಂದ ಸಿದ್ಧಕಟ್ಟೆಯ ದಾರಿಯ ಬಸ್ಸಿನಲ್ಲಿ ನನಗೆ ಕಿಟಕಿಯ ಸೀಟು ಸಿಕ್ಕಿತು. ತಲೆ ಸರಳಿಗೆ ತಾಗಿಸಿ ನಿದ್ದೆ ಹೋದೆ. ಕಂಡಕ್ಟರ್ "ಅಕ್ಕಾ, ಇಳಿಯುವವರು ಇಳೀರಿ" ಎಂದು ಎಬ್ಬಿಸಿದ. ಅಷ್ಟು ಒಳ್ಳೆಯ ನಿದ್ದೆ ಮನೆಯಲ್ಲಿ ಬಂದು ಎಷ್ಟು ಕಾಲವಾಗಿತ್ತೋ.

ಅತ್ತಿಗೆ ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ಗೇಟು ತೆರೆದ ಸದ್ದಿಗೆ ತಲೆ ಎತ್ತಿ, "ಅಮ್ಮನಿಗೆ ಎಂತಾಯ್ತು?" ಎಂದರು.

"ಎಂತದೂ ಆಗ್ಲಿಲ್ಲ. ಚೆನ್ನಾಗಿದ್ದಾರೆ. ನಾಗಪ್ರತಿಷ್ಠೆಗೆ ಕರೀಲಿಕ್ಕೆ ಬಂದೆ."

ಅವರು ನಿಟ್ಟುಸಿರು ಬಿಟ್ಟು ಮತ್ತೆ ಹಪ್ಪಳ ಮಗುಚಲು ಕೂತರು. ನಾನೂ ಪಕ್ಕದಲ್ಲಿ ಕೂತು ಮಗುಚಿದೆ. ನಾನು ಕೊಟ್ಟ ಕವರು ನೋಡಿ ಅತ್ತಿಗೆ ಚೀಟಿಯನ್ನು ಓದಿಕೊಂಡರು.

"ಈ ಹೆಸರಿನ ಮನೆ ಬಂಟ್ವಾಳದಲ್ಲಿ ಒಂದುಂಟಂತೆ. ಕಾಗದ ಅಲ್ಲಿಗೆ ಹೋಗ್ಬೇಕಾದದ್ದು ಇಲ್ಲಿಗೆ ಬಂತೋ ಏನೋ."

"ಇಲ್ಲಿಗೆ ಬರ್ಬೇಕಾದದ್ದೇ ತಪ್ಪಿತ್ತು" ಎಂದು ನಡೆದದ್ದೆಲ್ಲವನ್ನೂ ಹೇಳಿದೆ. ಸುಳ್ಳು ಹೇಳುವಷ್ಟು ಶಕ್ತಿ ನನ್ನಲ್ಲಿರಲಿಲ್ಲ. ಕಂಪ್ಯೂಟರ್ ಅವರ ಮನೆಯನ್ನು ಬಿಟ್ಟದ್ದು ಕೇಳಿ, "ಅದೂ ಅಣ್ಣನ ಪಕ್ಷವಾ?" ಎಂದರು.

"ಅತ್ತಿಗೆ, ಬನ್ನಿ."

"ಕರೆದದ್ದು ಅಮ್ಮನಾ, ಅಣ್ಣನಾ?"

"ಅತ್ತೆ."

"ಅಣ್ಣ?"

"ಬಿಡು ಅಂದ್ರು. ಆದ್ರೆ ನಾನು ಅಂಟಿಸಿದ್ದನ್ನು ಕಿತ್ತು ಹಾಕ್ಲಿಲ್ಲ."

ಅವರು ಇನ್ನೊಂದು ಸಾಲು ಹಪ್ಪಳ ಮಗುಚಿದರು. ಕಾಗೆ ಬಂತು, ಓಡಿಸಿದರು. "ಹೆಸರು ನಾನು ಕದ್ದದ್ದಾ, ನೀನೇ ಹೇಳು. ಆ ಮನೆಯಲ್ಲಿ ಹುಟ್ಟಿದವಳು ನಾನು. ಇಲ್ಲಿ ಯಾರೂ ನನ್ನನ್ನು ಗುರ್ತದಲ್ಲಿ ಕರೆಯುವವರಿರ್ಲಿಲ್ಲ. ಗೇಟಲ್ಲಾದ್ರೂ ಇರಲಿ ಅಂತ ಹಾಕಿದೆ." ಆಮೇಲೆ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಬರುತ್ತೇನೆ ಎಂದು ಹೇಳಲಿಲ್ಲ. ಹೊರಡುವಾಗ ಹಪ್ಪಳದ ಕಟ್ಟು ಕೊಟ್ಟು, "ಅಮ್ಮನಿಗೆ ಹಲ್ಲಿಲ್ಲ, ಕರಿದದ್ದನ್ನು ಪುಡಿ ಮಾಡಿ ಗಂಜಿಗೆ ಹಾಕು" ಎಂದರು.

ಪ್ರತಿಷ್ಠೆಯ ದಿನ ಬೆಳಿಗ್ಗೆಯಿಂದ ಅತ್ತೆ ಕಿಟಕಿಯ ಕಡೆಗೇ ಕಿವಿ ಇಟ್ಟಿದ್ದರು. ನಾನು ಅಡುಗೆಯವರಿಗೂ ಬನಕ್ಕೂ ನಡುವೆ ಓಡಾಡುತ್ತಿದ್ದೆ. ಕಲಶಾಭಿಷೇಕ ಮುಗಿಯಿತು, ಅತ್ತಿಗೆ ಇಲ್ಲ. ನಾಗನಿಗೆ ಹಾಲೆರೆಯುವ ತಂಬಿಲ ಮುಗಿಯಿತು. ಪ್ರಸಾದ ಕೊಡುವ ಹೊತ್ತಿಗೆ ಅತ್ತಿಗೆ ಮಗಳನ್ನು ಕರೆದುಕೊಂಡು ಬನದ ಅಂಚಿನಲ್ಲಿ ನಿಂತದ್ದು ಕಂಡಿತು. ಅರ್ಚಕರು ಪ್ರಸಾದದ ಹರಿವಾಣವನ್ನು ಭಾವನ ಕೈಗೆ ಕೊಟ್ಟು, "ಕುಟುಂಬದ ಹೆಂಗಸರಿಗೆ ಮೊದಲು" ಎಂದರು. ಅವರಿಗೇನು ಗೊತ್ತು, ಪದ್ಧತಿ ಹೇಳಿದರು. ಭಾವ ಹರಿವಾಣ ಹಿಡಿದು ನಿಂತರು. ಎಲ್ಲರೂ ನೋಡುತ್ತಿದ್ದರು. ನಾನು ಕಣ್ಣು ಮುಚ್ಚಿಕೊಂಡೆ. ಪ್ರಾರ್ಥನೆಯೂ ಹೌದು, ಹೆದರಿಕೆಯೂ ಹೌದು. ತೆರೆದಾಗ ಅತ್ತಿಗೆಯ ಸೆರಗಿನಲ್ಲಿ ಅಡಿಕೆಯ ಹಿಂಗಾರ ಇತ್ತು, ಹುಡುಗಿಯ ಹಣೆಯಲ್ಲಿ ಅರಸಿನ ಇತ್ತು. ಭಾವ ಮುಂದಿನವರ ಹತ್ತಿರ ಹೋಗಿದ್ದರು. ಮಾತು ಆಗಿರಲಿಲ್ಲ.

ಅತ್ತಿಗೆ ಮನೆಯೊಳಗೆ ಬಂದಾಗ ಅತ್ತೆ ಹೇಳಿದ್ದು ಇಷ್ಟೇ: "ಇಷ್ಟು ಬಿಸಿಲಿಗೆ ಕೊಡೆ ಇಲ್ಲದೆ ಬಂದೆಯಾ?" ನಾನು ಬಾಗಿಲು ಅರ್ಧ ಎಳೆದು ಬಡಿಸಲು ಹೋದೆ. ಸಂಜೆಯ ಬಸ್ಸಿಗೆ ಅತ್ತಿಗೆ ಹೋದರು. ಅಣ್ಣ ತಂಗಿ ಒಂದೇ ಪಂಕ್ತಿಯಲ್ಲಿ ಕೂರಲಿಲ್ಲ. ಎಲ್ಲ ಸರಿಯಾಯಿತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆದರೆ ಆ ರಾತ್ರಿ ಅತ್ತೆ ನೋವಿನ ಮಾತ್ರೆ ಕೇಳದೆ ಮಲಗಿದರು.

ಮುಂದಿನ ವರ್ಷ ಬನದ ವಾರ್ಷಿಕ ಪೂಜೆಗೆ ಅದೇ ಸ್ಕ್ರಿಪ್ಟ್, ಅದೇ ಫೈಲು. ಹಾಳೆಗಳನ್ನು ಈ ಸಲ ಭಾವನೇ ಕೇಳಿ ತೆಗೆದುಕೊಂಡು, ಅತ್ತೆಯ ಕೋಣೆಯಲ್ಲಿ ಕೂತು, ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದರು. ನಮ್ಮ ಮನೆಯ ಹೆಸರು ಬಂತು. ಅದರ ಕೆಳಗೆ ಮತ್ತೆ ಅದೇ ಹೆಸರು, ಊರು ಮಾತ್ರ ಬೇರೆ. ಎರಡನ್ನೂ ಒಂದೇ ಸ್ವರದಲ್ಲಿ ಓದಿ ಮುಂದೆ ಹೋದರು. ಅತ್ತೆ ಎರಡಕ್ಕೂ "ಹೂಂ" ಎಂದರು.

ಮುಗಿದ ಮೇಲೆ ಭಾವ ಹಾಳೆಯಿಂದ ಎರಡನೆಯ ಚೀಟಿಯನ್ನು ಮೆಲ್ಲಗೆ ಎಬ್ಬಿಸಿದರು. ಕಿತ್ತು ಹಾಕುತ್ತಾರೆ ಎಂದುಕೊಂಡೆ. ಅವರು ಅದನ್ನು ಒಂದು ಕವರಿಗೆ ಅಂಟಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡರು.

"ಇದನ್ನು ಅಂಚೆಗೆ ಹಾಕ್ಬೇಡ. ನನಗೆ ಗುರುವಾರ ಮೂಡಬಿದ್ರೆಗೆ ಹೋಗ್ಲಿಕ್ಕುಂಟು."

ಮೂಡಬಿದಿರೆಯಲ್ಲಿ ಅವರಿಗೆ ಬೇರೇನೂ ಕೆಲಸ ಇರಲಿಲ್ಲ. ಅತ್ತೆಯನ್ನು ಎಡಕ್ಕೆ ಹೊರಳಿಸುವ ಹೊತ್ತಾಗಿತ್ತು. ಭಾವನೇ ಇನ್ನೊಂದು ಬದಿಯಿಂದ ಕೈ ಕೊಟ್ಟರು.